ಹೊರಟವಳನ್ನು ಕೇಳಿದ ಮಾತು

ಸೀತಾಲಕ್ಷ್ಮಿಯ ಪ್ರಶ್ನೆಗಳಿಗೆ ಒಂದು ಕಾಲದಲ್ಲಿ ಹೆಸರಿತ್ತು. ಕಾಲೇಜಿನ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿ ಕೂತ ಹುಡುಗಿಯರು ಮಾತಿಲ್ಲದೆ ಮೊಸರನ್ನ ಕಲಸುತ್ತಿದ್ದರೆ, ಇವಳು ಮಾವಿನಮರಕ್ಕೆ ಕಲ್ಲು ಬೀಸುವ ಹಾಗೆ ಒಂದು ಪ್ರಶ್ನೆ ಬೀಸುತ್ತಿದ್ದಳು. 'ಮನೇಲಿ ಯಾರೂ ಇಲ್ಲದಾಗ ಏನು ಕದ್ದು ತಿಂತೀರಿ?' 'ನಿಮ್ಮ ಮನೇಲಿ ಎಲ್ಲರೂ ಹೆದರೋದು ಯಾರಿಗೆ? ಅವರು ಹೆದರೋದು ಯಾರಿಗೆ?' 'ಹೇಳಿ ಹೇಳಿ ನೀವೇ ನಂಬಿಬಿಟ್ಟಿರೋ ಸುಳ್ಳು ಯಾವುದು?' ಅಷ್ಟು ಸಾಕಾಗುತ್ತಿತ್ತು. ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ಆನೆಯ ಮೇಲೆ ಕೂತಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ನೀಲಗಂಗಾ, ಅದು ಮದುವೆಮನೆಯ ರಟ್ಟಿನ ಆನೆ ಎಂದು ಒಪ್ಪಿಕೊಂಡದ್ದು ಆ ಮರದ ಕೆಳಗೇ. ಅವತ್ತು ನಕ್ಕು ನಕ್ಕು ಒಬ್ಬಳ ಬುತ್ತಿ ಮಣ್ಣುಪಾಲಾಗಿತ್ತು.

ಎಂ.ಎ. ಮುಗಿಯಿತು, ಮದುವೆಯಾಯಿತು, ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಹೊಸ ಮನೆಯೂ ಆಯಿತು. ನೀಲಗಂಗಾ ಮದುವೆಯಾಗಿ ಬಂದದ್ದೂ ಎರಡು ರಸ್ತೆಯಾಚೆಗೆ. ಶನಿವಾರದ ಮಧ್ಯಾಹ್ನ ಸೀತಾಲಕ್ಷ್ಮಿಯ ಮನೆಯ ಜಗಲಿಯಲ್ಲಿ ಮಾತು ಮತ್ತೆ ಶುರುವಾಯಿತು. ಮೂರನೆಯವಳಾಗಿ ಬಂದು ಸೇರಿಕೊಂಡವಳು ಯಡಿಯೂರಿನ ಬೈರಮ್ಮ. ಸುತ್ತಲ ಸೈಟುಗಳೆಲ್ಲ ಒಂದು ಕಾಲಕ್ಕೆ ಅವಳ ಮಾವನ ರಾಗಿಹೊಲ. ಮೊಸರು ಕೊಡಲು ಬಂದವಳು ಮೊದಲ ದಿನವೇ, "ಏನ್ ಅಂಗೆ ನಗ್ತಾ ಇದೀರಿ, ನನಗೂ ಒಸಿ ಹೇಳಿ" ಎಂದು ಕೂತುಬಿಟ್ಟಳು. ಇಬ್ಬರಿಗಿಂತ ಹತ್ತು ವರ್ಷಕ್ಕೆ ಹಿರಿಯಳು. ಅವಳಿಗೆ ಹೇಳಿದ ಗುಟ್ಟು ಸಂಜೆಯೊಳಗೆ ಯಡಿಯೂರು ಕೆರೆಯ ಮೀನಿಗೂ ಗೊತ್ತಾಗುತ್ತಿತ್ತು.

ಇದೆಲ್ಲ ಎರಡು ವರ್ಷದ ಹಿಂದಿನ ಮಾತು. ಎರಡು ವರ್ಷದಿಂದ ಸೀತಾಲಕ್ಷ್ಮಿ ಯಾರನ್ನೂ ಏನನ್ನೂ ಕೇಳಿರಲಿಲ್ಲ.

ಪ್ರಶ್ನೆಯೇ ಇಲ್ಲದೆ ಬದುಕಬಹುದೆ? ಬದುಕಬಹುದು. 'ಕಾಫಿ ಬೇಕಾ' ಎನ್ನುವ ಕಡೆ 'ಕಾಫಿ ಆಗಿದೆ' ಎನ್ನಬಹುದು. ಅಂಗಡಿಯಲ್ಲಿ 'ಬೇಳೆ ಇದೆಯಾ' ಎನ್ನದೆ 'ಅರ್ಧ ಕಿಲೋ ಬೇಳೆ ಕೊಡಿ' ಎಂದು ಚೀಲ ಚಾಚಬಹುದು. ಬಸ್ಸಿನಲ್ಲಿ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ 'ಮಾರ್ಕೆಟ್ಟು ಒಂದು' ಎಂದು ಸರಿಯಾದ ಚಿಲ್ಲರೆ ಮುಂದೆ ಹಿಡಿಯಬಹುದು. ಅಭ್ಯಾಸವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಜನ 'ಪಾಪ, ಮಾತು ಕಮ್ಮಿಯಾಗಿದೆ' ಎನ್ನುತ್ತಾರೆ, ಅಷ್ಟೆ.

ಆದರೆ ಶನಿವಾರಗಳು ಕಷ್ಟವಾಗುತ್ತಿದ್ದವು. ಅರವತ್ತಾರನೆಯ ಇಸವಿಯ ಮೇ ತಿಂಗಳ ಈ ಶನಿವಾರವಂತೂ ಬೆಳಗಿನಿಂದ ಅವಳಿಗೆ ಒಂದು ಕಡೆ ನಿಲ್ಲಲಾಗಿರಲಿಲ್ಲ. ಮಡಿಸಿದ ಪೇಪರನ್ನು ಬಿಚ್ಚಿ ಮತ್ತೆ ಮಡಿಸಿದಳು. ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸಿದಳು. ಗೇಟಿನವರೆಗೆ ಹೋಗಿ, ಎದುರಿನ ಖಾಲಿ ಸೈಟಿನಲ್ಲಿ ಸುರಿದಿದ್ದ ಸೈಜುಗಲ್ಲಿನ ರಾಶಿ ನೋಡಿ, ಏತಕ್ಕೆ ಬಂದೆ ಎಂದು ತಿಳಿಯದೆ ವಾಪಸು ಬಂದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ಮೀನಾಕ್ಷಮ್ಮ ಮೊರದಿಂದ ತಲೆ ಎತ್ತಲಿಲ್ಲ. "ಕಾಲಿಗೆ ಚಕ್ರ ಕಟ್ಟಿಕೊಂಡಿದೀಯಲ್ಲ" ಎಂದರು. ಅವರೂ ಹೆಚ್ಚು ಮಾತಿನವರಲ್ಲ. ಹಣೆಗೆ ಕುಂಕುಮವಿಲ್ಲದ ಅತ್ತೆ ಸೊಸೆ ಇಬ್ಬರೂ ಆ ಮನೆಯಲ್ಲಿ ಎರಡು ವರ್ಷದಿಂದ ಅಕ್ಕಿ, ಬೇಳೆ, ನಲ್ಲಿನೀರಿನ ವಿಷಯ ಬಿಟ್ಟು ಬೇರೆ ಮಾತಾಡಿದ್ದಿಲ್ಲ.

ಮೂರು ಗಂಟೆಗೆ ಬೈರಮ್ಮ ಬಂದಳು. ಹಿಂದೆಯೇ ನೀಲಗಂಗಾ, ಕೈಯಲ್ಲೊಂದು ಕ್ಯಾನ್ವಾಸ್ ಚೀಲ. ಅಂಥ ಬಿಸಿಲಿನಲ್ಲೂ ಸೆರಗನ್ನು ಕತ್ತಿನ ಸುತ್ತ ಹೊದ್ದಿದ್ದಳು.

"ನಾಕೂಕಾಲಿನ ಬಸ್ಸಿಗೆ ತುಮಕೂರಿಗೆ ಹೊರಟಿದೀನಿ ಕಣೆ, ಅಕ್ಕನ ಮನೆಗೆ. ಒಂದು ಹದಿನೈದು ದಿನ. ಹಾಗೇ ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದಳು. ದನಿ ಒಡಕಾಗಿತ್ತು.

"ನೀಲಮ್ಮನ ಗಂಟಲಿಗೆ ಏನೋ ಮೆತ್ಕೊಂಡೈತೆ. ತಿಂಗಳಾಯ್ತು, ಹಿಂಗೇ ಗೊಗ್ಗರು ಗೊಗ್ಗರಾಗಿ ಮಾತಾಡ್ತಾಳೆ," ಎಂದಳು ಬೈರಮ್ಮ. "ಗಂಡ ಡೆಲ್ಲೀಗೆ ಟ್ರೈನಿಂಗಿಗೆ ಹೋದಾಗಿಂದ ಬೈಯಾಕೆ ಯಾರೂ ಸಿಕ್ತಿಲ್ಲ. ಅದಕ್ಕೇ ಗಂಟ್ಲು ಕೆಟ್ಟೋಗದೆ."

"ಐಸ್‌ಕ್ಯಾಂಡಿ ತಿಂದೆ ಬೈರಕ್ಕ."

"ತಿನ್ನು ತಿನ್ನು. ಐಸು ತಿಂದವಳು ಸೆರಗು ಸುತ್ಕೋಬೇಕಾ? ಅದೇನು ಫಾರಿನ್ ಸ್ಟೈಲಾ?"

ನೀಲಗಂಗಾ ನಕ್ಕಳು. ಸೀತಾಲಕ್ಷ್ಮಿ ಕಾಫಿ ತಂದಿಟ್ಟು, "ಕಾಫಿ" ಎಂದಳು. ಬೈರಮ್ಮ ಸಕ್ಕರೆಯ ರೇಷನ್ ವಿಷಯ ತೆಗೆದಳು. ಅದು ಎರಡು ಮಾತಿಗೆ ಮುಗಿಯಿತು. ಎರಡನೆಯ ಎಮ್ಮೆ ಈಯುವ ವಿಷಯ ತೆಗೆದಳು. ಅದು ಇನ್ನೂ ಈದಿರಲಿಲ್ಲ. ನೀಲಗಂಗಾ ಬಿಸಿಲಿನ ಮಾತು ಆಡಿದಳು. ಈ ಜಗಲಿಯಲ್ಲಿ ಏನು ಆಡಬಹುದು, ಏನು ಆಡಬಾರದು ಎಂದು ಇಬ್ಬರೂ ಒಳಗೇ ಅಳೆದುಕೊಳ್ಳುತ್ತಿರುವುದು ಸೀತಾಲಕ್ಷ್ಮಿಗೆ ಗೊತ್ತಾಗುತ್ತಿತ್ತು. ಗಂಡಂದಿರ ತಮಾಷೆ ಆಡುವಂತಿಲ್ಲ. ಮದುವೆ ಮುಂಜಿಯ ಸುದ್ದಿ ಆಡುವಂತಿಲ್ಲ. ಕಾಯಿಲೆ ಕಸಾಲೆಯಂತೂ ಎತ್ತುವಂತೆಯೇ ಇಲ್ಲ. ಉಳಿಯುವುದು ಬಿಸಿಲು, ಮಳೆ, ಸಕ್ಕರೆ. ಇಂಥದನ್ನು ಕೇಳಲು ಎಷ್ಟು ಶನಿವಾರ ಬರುತ್ತಾರೆ ಇವರು? ಹೀಗೇ ಒಂದು ದಿನ ಒಬ್ಬಳು ಬರುವುದಿಲ್ಲ, ಮುಂದಿನ ವಾರ ಇನ್ನೊಬ್ಬಳು.

ನೀಲಗಂಗಾ ಕಾಫಿಯನ್ನು ಗುಟುಕು ಗುಟುಕಾಗಿ, ಪ್ರತಿ ಗುಟುಕಿಗೂ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಸೀತಾಲಕ್ಷ್ಮಿಯ ನಾಲಿಗೆಯ ತುದಿಗೆ ಒಂದು ಮಾತು ಬಂದಿತು. ನಾಲಿಗೆ ಹೊರಳಲಿಲ್ಲ.

ಅವಳ ನಾಲಿಗೆಗೆ ಬೀಗ ಬಿದ್ದದ್ದು ಒಂದು ಭಾನುವಾರ, ಬೆಳಗಿನ ಎಂಟೂವರೆಗೆ. ಗಂಡ ಗೌರೀಶಂಕರ ಸೈಕಲ್ಲನ್ನು ಗೇಟಿಗೆ ತಳ್ಳಿಕೊಂಡು ಹೋಗಿದ್ದ. ಇವಳು ಜಗಲಿಯಲ್ಲಿ ನಿಂತು, "ಎಲ್ಲಿಗೆ ಹೊರಟ್ರಿ?" ಎಂದು ಕೂಗಿದ್ದಳು. ಹೊರಟವರನ್ನು 'ಎಲ್ಲಿಗೆ' ಎನ್ನಬಾರದು, 'ದೂರಾನಾ' ಎನ್ನಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮನೆಮನೆಯಲ್ಲಿ ಹೇಳುವುದೇ. ಬಾಯಿಂದ ಬಂದುಬಿಟ್ಟಿತ್ತು. ಮೀನಾಕ್ಷಮ್ಮ ಒಳಗಿನಿಂದಲೇ, "ಶಂಕರಾ, ಒಳಗೆ ಬಂದು ಎರಡು ನಿಮಿಷ ಕೂತು, ಒಂದು ಗುಟುಕು ನೀರು ಕುಡಿದು ಹೋಗೋ" ಎಂದರು. ಅದೂ ಮನೆಮನೆಯಲ್ಲಿ ಹೇಳುವುದೇ. ಕೇಳಿದ ದೋಷಕ್ಕೆ ಅದು ಪರಿಹಾರ. ಗೌರೀಶಂಕರ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಲು ಹೋದ. ಇವಳು ನಕ್ಕಳು. "ಅತ್ತೆ, ಯಾವ ಕಾಲದಲ್ಲಿದೀರಿ? ನೀವು ಹೋಗಿ ಬನ್ನಿ, ಬಿಸಿಲಾಗುತ್ತೆ" ಎಂದಳು. ಅವನೂ ನಕ್ಕ. "ಬ್ಲೇಡ್ ತರೋಕೆ, ಈಗ ಬಂದೆ" ಎಂದ. ಸೌತ್ ಎಂಡ್ ಸರ್ಕಲ್ಲಿನ ತಿರುವಿನಲ್ಲಿ ಕಲ್ಲು ತುಂಬಿದ ಲಾರಿ ಬರುವುದಕ್ಕೂ ಅವನು ತಿರುಗುವುದಕ್ಕೂ ಸರಿಹೋಯಿತು.

ಮೀನಾಕ್ಷಮ್ಮ ಆಮೇಲೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸೀತಾಲಕ್ಷ್ಮಿ ವಾದಿಸಬಹುದಾಗಿತ್ತು. ಶಕುನವನ್ನು ಅವಳು ಅಂದೂ ನಂಬಿರಲಿಲ್ಲ, ಇಂದೂ ನಂಬುವುದಿಲ್ಲ. ಶಕುನವನ್ನು ನಂಬದಿರಬಹುದು, ಎರಡು ನಿಮಿಷವನ್ನು ನಂಬದಿರುವುದು ಹೇಗೆ? ಎರಡು ನಿಮಿಷ ಕೂತು ನೀರು ಕುಡಿದಿದ್ದರೆ ಲಾರಿ ಎರಡು ನಿಮಿಷ ಮುಂದೆ ಹೋಗಿರುತ್ತಿತ್ತು. ಇದಕ್ಕೆ ಯಾವ ಎಂ.ಎ.ಯಲ್ಲೂ ಉತ್ತರವಿರಲಿಲ್ಲ.

"ಬಸ್ಸಿನ ಹೊತ್ತಾಯ್ತು," ಎಂದು ನೀಲಗಂಗಾ ಎದ್ದಳು. ಗೂಡಿನಲ್ಲಿದ್ದ ಭರಣಿಯಿಂದ ತಾನೇ ಕುಂಕುಮ ತೆಗೆದು ಹಚ್ಚಿಕೊಂಡಳು. ಆ ಮನೆಯಲ್ಲಿ ಅದೇ ರೂಢಿಯಾಗಿತ್ತು. ಬಗ್ಗಿ ಚೀಲ ಎತ್ತಿಕೊಳ್ಳುವಾಗ ಚೀಲದ ಬಾಯಿ ಅಗಲವಾಯಿತು. ಮೇಲೆ ಎರಡು ಮಾಸಲು ಸೀರೆ. ಸಂದಿಯಲ್ಲಿ ಹೊಳೆದದ್ದು ಒಂದು ತಟ್ಟೆ, ಲೋಟ, ಚಮಚ.

ಅಕ್ಕನ ಮನೆಗೆ ಹೋಗುವವರು ತಟ್ಟೆ ಲೋಟ ಒಯ್ಯುವುದಿಲ್ಲ. ತಟ್ಟೆ ಲೋಟ ಒಯ್ಯುವುದು ಒಂದೇ ಜಾಗಕ್ಕೆ. ಗೌರೀಶಂಕರನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದ ಮೂರು ದಿನ ಸೀತಾಲಕ್ಷ್ಮಿಯೂ ಹಾಗೇ ಒಯ್ದಿದ್ದಳು. ಅವನು ಅದರಲ್ಲಿ ಉಣ್ಣಲಿಲ್ಲ, ಅದು ಬೇರೆ.

"ದೂರಾನಾ ನೀಲಮ್ಮ?" ಎಂದು ಬೈರಮ್ಮ ರೂಢಿಯ ಮಾತು ಆಡಿದಳು, ತುಮಕೂರು ಎಂದು ಆಗಲೇ ಕೇಳಿದ್ದರೂ.

"ಹೂಂ ಬೈರಕ್ಕ, ಸ್ವಲ್ಪ ದೂರ," ಎಂದಳು ನೀಲಗಂಗಾ. ಎಷ್ಟು ಒಳ್ಳೆಯ ಪ್ರಶ್ನೆ ಅದು! ಹೂಂ ಎಂದರೆ ಮುಗಿಯಿತು. ಯಾರೂ ಏನೂ ಹೇಳಬೇಕಾಗಿಲ್ಲ.

"ಬರ್ತೀನಿ ಕಣೆ ಸೀತು," ಎಂದು ಒಂದು ಕ್ಷಣ ಹೆಚ್ಚಾಗಿಯೇ ನಿಂತಳು. ಏನಾದರೂ ಕೇಳುತ್ತಾಳೇನೋ ಎಂದು ಕಾದ ಹಾಗೆ. ಸೀತಾಲಕ್ಷ್ಮಿ ತಲೆಯಾಡಿಸಿದಳು. ನೀಲಗಂಗಾ ಮೆಟ್ಟಿಲಿಳಿದಳು. ಚಪ್ಪಲಿ ಮೆಟ್ಟಿದಳು. ಗೇಟಿನ ಕೊಂಡಿಗೆ ಕೈ ಹಾಕಿದಳು. ಅದೇ ಗೇಟು.

ಸೀತಾಲಕ್ಷ್ಮಿ ಕಂಬ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕೇಳಬಾರದು. ಆಸ್ಪತ್ರೆಗೆ ಹೊರಟವಳನ್ನಂತೂ ಕೇಳಲೇಬಾರದು. ನಾಳೆ ಏನಾದರೂ ಆದರೆ ಇನ್ನೊಂದು ಎರಡು ನಿಮಿಷವನ್ನು ಎಲ್ಲಿ ಇಟ್ಟುಕೊಳ್ಳುವುದು? ಕೇಳದಿದ್ದರೆ ಅವಳು ಹೋಗುತ್ತಾಳೆ. ಚೀಲ ಹಿಡಿದು ಒಬ್ಬಳೇ ಹೋಗುತ್ತಾಳೆ. ಕೊಂಡಿ ಕಿರ್ರೆಂದಿತು.

"ಎಲ್ಲಿಗೆ ಹೊರಟೆ?"

ದನಿ ಎಷ್ಟು ಜೋರಾಗಿ ಬಂದಿತೆಂದರೆ ಎದುರುಮನೆಯ ಕಾಗೆ ಹಾರಿತು. ನೀಲಗಂಗಾ ಕೈ ಕೊಂಡಿಯ ಮೇಲೆಯೇ ಇಟ್ಟು ನಿಂತಳು.

"ಅಯ್ಯೋ ನಿನ್ನ!" ಎಂದು ಬೈರಮ್ಮ ಬಾಯಿಯ ಮೇಲೆ ಕೈಯಿಟ್ಟಳು. "ಓದಿದೋಳು ಕಣಮ್ಮ ನೀನು! ಗೇಟು ತೆಗೆದೋಳ್ನ ಹಿಂದ್ಗಡೆಯಿಂದ ಎಲ್ಲಿಗೆ ಅಂತಾರಾ? ನಮ್ಮನೆ ಎಮ್ಮೆಗೂ ಗೊತ್ತು ಇದು!"

ಒಳಗೆ ಮೊರದಲ್ಲಿ ಅಕ್ಕಿ ಆಡುವ ಸದ್ದು ನಿಂತಿತು. ಸೀತಾಲಕ್ಷ್ಮಿಗೆ ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ. ಹೊಸಿಲ ಹತ್ತಿರ ಹೆಜ್ಜೆ ಕೇಳಿಸಿತು. ಮೀನಾಕ್ಷಮ್ಮ ಹಿತ್ತಾಳೆಯ ಚೊಂಬು ಹಿಡಿದು ಅವಳ ಪಕ್ಕದಿಂದಲೇ ಹಾದು ಮೆಟ್ಟಿಲ ಮೇಲೆ ನಿಂತರು.

"ಬಾಮ್ಮ ನೀಲಾ ಒಳಗೆ. ಕೂತ್ಕೊ. ನೀರು ಕುಡಿ."

"ಬಸ್ಸು ಹೋಗುತ್ತೆ ಅಮ್ಮ."

"ಹೋಗ್ಲಿ. ಐದು ಗಂಟೆಗೆ ಇನ್ನೊಂದು ಬರುತ್ತೆ. ಕೇಳಿದ ಮೇಲೆ ಕೂರಬೇಕು."

ಈ ಸಲ ಯಾರೂ ನಗಲಿಲ್ಲ. ನೀಲಗಂಗಾ ಬಂದು ಜಗಲಿಯ ಮೇಲೆ ಕೂತಳು. ಚೊಂಬೆತ್ತಿ ಕುಡಿಯುವಾಗ ಸೆರಗು ಜಾರಿತು. ಕತ್ತಿನ ಬಲಭಾಗದಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು. ನೀರು ಇಳಿದಾಗ ಅದೂ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ದೊಡ್ಡಾಸ್ಪತ್ರೆಗೆ," ಎಂದಳು ನೀಲಗಂಗಾ. "ಇವತ್ತು ಆರು ಗಂಟೆಯೊಳಗೆ ಸೇರಬೇಕು. ಸೋಮವಾರ ಆಪರೇಷನ್. ಅಕ್ಕ ತುಮಕೂರಿಂದ ನೇರ ಅಲ್ಲಿಗೇ ಬರ್ತಾಳೆ."

"ಅವರಿಗೆ..." ಎಂದು ಸೀತಾಲಕ್ಷ್ಮಿ ತಡವರಿಸಿದಳು. ಪ್ರಶ್ನೆ ಇನ್ನೂ ಕಷ್ಟಪಟ್ಟೇ ಹೊರಬರುತ್ತಿತ್ತು. "ನಿಮ್ಮನೆಯವರಿಗೆ ಗೊತ್ತಾ?"

"ಬರೆದಿಲ್ಲ. ಬರೆದ್ರೆ ಟ್ರೈನಿಂಗ್ ಬಿಟ್ಟು ಓಡಿ ಬರ್ತಾರೆ."

"ನನಗೆ ಯಾಕೆ ಹೇಳಲಿಲ್ಲ?"

ನೀಲಗಂಗಾಳಿಗೆ ಸಿಟ್ಟು ಬಂತು. ಚೊಂಬನ್ನು ಠಣ್ಣೆಂದು ಇಟ್ಟಳು. "ನೀನು ಯಾವಾಗ ಕೇಳಿದೆ? ಎರಡು ವರ್ಷದಿಂದ ಲೆಕ್ಕ ಇಟ್ಟಿದೀನಿ ಸೀತು, ನೀನು ನನ್ನ ಒಂದು ಪ್ರಶ್ನೆ ಕೇಳಿಲ್ಲ. ಹೇಗಿದೀಯ ಅಂತ ಕೂಡ. 'ಬಂದೆ', 'ಕೂತ್ಕೊ', 'ಕಾಫಿ'. ಗೋಡೆ ಹತ್ರ ಮಾತಾಡಿದ ಹಾಗೆ. ಅದೂ ಅಲ್ದೆ ನಿನ್ನ ಮುಂದೆ ಆಸ್ಪತ್ರೆ ಅನ್ನೋ ಮಾತು ಹೇಗೆ ಎತ್ತಲಿ? ಮೂರು ಶನಿವಾರ ಸೆರಗು ಸುತ್ಕೊಂಡು ಬಂದೆ. ಕೇಳ್ತೀಯೇನೋ ಅಂತ."

"ನನಗಾದ್ರೂ ಹೇಳಬಾರದಿತ್ತಾ ಕಣವ್ವ?" ಎಂದಳು ಬೈರಮ್ಮ ಮೆಲ್ಲಗೆ.

"ನಿಮಗೆ ಹೇಳೋದೂ ಒಂದೇ, ರೇಡಿಯೋದಲ್ಲಿ ಹೇಳಿಸೋದೂ ಒಂದೇ ಬೈರಕ್ಕ."

"ಅದು ನಿಜವೇ," ಎಂದು ಬೈರಮ್ಮ ಒಪ್ಪಿಕೊಂಡಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನೀಲಗಂಗಾ ಸ್ವಲ್ಪ ಹೊತ್ತು ಚೊಂಬಿನ ಅಂಚನ್ನು ಉಗುರಿನಿಂದ ಕೆರೆದಳು. "ಜೀವಕ್ಕೇನೂ ಇಲ್ವಂತೆ. ಆದ್ರೆ ದನಿಯ ನರ ಅದರ ಪಕ್ಕದಲ್ಲೇ ಇದೆಯಂತೆ. ತಾಗಿದ್ರೆ ಮತ್ತೆ ಮಾತು ಬರುತ್ತೋ ಇಲ್ವೋ ಹೇಳೋಕಾಗಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ಇವತ್ತು ಬಂದೆ. ಮಾತಾಡೋಣ ಅಂತ. ಬಂದು ಸಕ್ಕರೆ ರೇಷನ್ ಬಗ್ಗೆ ಮಾತಾಡಿದ್ವಿ."

ನಾಲ್ಕೂಕಾಲಿನ ಬಸ್ಸು ರಸ್ತೆಯ ತುದಿಯಲ್ಲಿ ಹಾರನ್ ಹಾಕಿ ಹೊರಟುಹೋಯಿತು. ನಾಲ್ವರಿಗೂ ಕೇಳಿಸಿತು.

ಸೀತಾಲಕ್ಷ್ಮಿ ಅತ್ತೆಯ ಕಡೆ ತಿರುಗಿದಳು. "ನಾನು ಕೇಳಬಾರದಿತ್ತು ಅಲ್ವಾ ಅತ್ತೆ?"

ಎರಡು ವರ್ಷದಲ್ಲಿ ಅತ್ತೆಯನ್ನು ಕೇಳಿದ ಮೊದಲ ಪ್ರಶ್ನೆ ಅದು. ಹೊಸಿಲ ಮೇಲೆ ಕೂರಬಾರದೆಂದು ಊರಿಗೆಲ್ಲ ಬುದ್ಧಿ ಹೇಳುವ ಮೀನಾಕ್ಷಮ್ಮ ಹೊಸಿಲ ಮೇಲೇ ಕೂತರು.

"ನಿಮ್ಮ ಮಾವನೋರು ಹೋದ ದಿನ ಅವರನ್ನ ಯಾರೂ ಎಲ್ಲಿಗೆ ಅಂತ ಕೇಳಿರಲಿಲ್ಲ," ಎಂದರು. "ದೂರಾನಾ ಅಂತಲೇ ಕೇಳಿದ್ದೆ. ನೀರೂ ಕುಡಿದಿದ್ರು. ದೇವರಿಗೆ ಕೈಮುಗಿದು, ಬಲಗಾಲಿಟ್ಟು ಹೊರಟಿದ್ರು." ಸೊಸೆಯ ಮುಖ ನೋಡಿ, "ಇದನ್ನ ನಿನಗೆ ಆವತ್ತೇ ಹೇಳಬೇಕಿತ್ತು. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ," ಎಂದರು.

ಸೀತಾಲಕ್ಷ್ಮಿ ಅಳಲಿಲ್ಲ. ಅಳು ಅವಳಿಗೆ ಬರುತ್ತಿದ್ದುದೇ ಅಪರೂಪ. ಬೆಳಗಿನಿಂದ ಸುತ್ತುತ್ತಿದ್ದವಳು ನೀಲಗಂಗಾಳ ಪಕ್ಕದಲ್ಲಿ ಕೂತಳು. ಐದು ಗಂಟೆಯ ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ. ಸೋಮವಾರದವರೆಗೆ ನೀಲಗಂಗಾಳ ದನಿ. ಇಷ್ಟು ಕಡಿಮೆ ಹೊತ್ತಿನಲ್ಲಿ ಏನು ಕೇಳುವುದು? ಎರಡು ವರ್ಷದಿಂದ ನಾಲಿಗೆಯ ಹಿಂದೆ ನಿಂತಿದ್ದವೆಲ್ಲ ಒಮ್ಮೆಲೇ ಬಾಗಿಲಿಗೆ ನುಗ್ಗಿದ ಹಾಗಾಗಿ ಯಾವುದೂ ಹೊರಬರಲಿಲ್ಲ. ಕೊನೆಗೆ ಬಂದದ್ದು ತೀರಾ ಹಳೆಯದು.

"ಆ ಆನೆ," ಎಂದಳು. "ನಿಜವಾಗಿ ರಟ್ಟಿನದೇನಾ?"

ನೀಲಗಂಗಾ ಅವಳನ್ನೇ ನೋಡಿದಳು. ಬಾಯಿಯ ಕೊನೆ ಸೊಟ್ಟಗಾಯಿತು. "ರಟ್ಟಿನದೂ ಅಲ್ಲ. ಮೇಲೆ ಕೂತದ್ದು ನಮ್ಮಕ್ಕ. ನನ್ನ ಎತ್ತಿ ಕೂರಿಸೋಕೆ ಹೋದ್ರು, ಹೆದರಿ ಚಡ್ಡೀಲೇ ಉಚ್ಚೆ ಮಾಡ್ಕೊಂಡೆ. ಇಳಿಸಿಬಿಟ್ರು."

ಬೈರಮ್ಮನ ನಗು ಮೊದಲು ಹೊರಟಿತು. ಆ ನಗು ಹೊರಟರೆ ಮೂರು ಮನೆಯವರು ಕಿಟಕಿಗೆ ಬರುವುದು ವಾಡಿಕೆ. "ಇಪ್ಪತ್ತು ವರ್ಷ ಆನೆ ಮೇಲೆ ಮೆರವಣಿಗೆ ಮಾಡಿಸ್ಕೊಂಡ್ಯಲ್ಲೇ ಕಳ್ಳಿ!" ಎಂದಳು. "ನನ್ನ ಕೇಳು ಸೀತಮ್ಮ, ನನ್ನೂ ಕೇಳು. ನಂದೂ ಒಂದು ಸುಳ್ಳು ಐತೆ. ನಮ್ಮೆಮ್ಮೆ ಹಾಲಿಗೆ ನೀರು ಬೆರೆಸಲ್ಲ ಅಂತೀನಲ್ಲ..."

"ಅದು ಸುಳ್ಳು ಅಂತ ನಮಗೆ ಗೊತ್ತು," ಎಂದರು ಮೀನಾಕ್ಷಮ್ಮ ಹೊಸಿಲಿನಿಂದ. ಬೈರಮ್ಮನ ತೆರೆದ ಬಾಯಿ ತೆರೆದೇ ಉಳಿಯಿತು.

ಆಮೇಲಿನ ಮಾತು ಯಾವುದರಿಂದ ಯಾವುದಕ್ಕೆ ಹೋಯಿತು ಎಂದು ಹೇಳುವುದು ಕಷ್ಟ. ಒಬ್ಬಳ ಮಾತಿನ ಬಾಲ ಹಿಡಿದು ಇನ್ನೊಬ್ಬಳು ಎಳೆದಳು. ಬೈರಮ್ಮನ ಮದುವೆಯಲ್ಲಿ ಗಂಡಿನ ಕಡೆಯವರು ದಾರಿ ತಪ್ಪಿ ಹುಳಿಮಾವಿನಲ್ಲಿ ಇನ್ನಾರದೋ ಚಪ್ಪರಕ್ಕೆ ನುಗ್ಗಿ ಊಟ ಮಾಡಿಬಂದದ್ದು, ಮೀನಾಕ್ಷಮ್ಮ ಹದಿನಾರು ವರ್ಷದವರಿದ್ದಾಗ ಅತ್ತೆಗೆ ಹೆದರಿ ಕೊಬ್ಬರಿ ಮಿಠಾಯಿಯನ್ನು ಅಕ್ಕಿಮೂಟೆಯಲ್ಲಿ ಬಚ್ಚಿಟ್ಟು ಇರುವೆಯ ದಂಡು ಬಂದದ್ದು. ನೀಲಗಂಗಾಳ ಒಡಕು ದನಿ ನಡುನಡುವೆ ನಿಂತು ಬಿಡುತ್ತಿತ್ತು. ದನಿ ಮತ್ತೆ ಹೊರಟಾಗ ಸೀತಾಲಕ್ಷ್ಮಿ ಬೇಗ ಬೇಗ ಇನ್ನೊಂದನ್ನು ಕೇಳುತ್ತಿದ್ದಳು, ನಿಂತರೆ ಆರಿಹೋಗುತ್ತದೆಂಬ ಹಾಗೆ. ಗೌರೀಶಂಕರನ ಹೆಸರೂ ಬಂತು. ಸೈಕಲ್ಲಿಗೆ ಅವನು ಕಟ್ಟಿಸಿದ್ದ ಎರಡು ಬೆಲ್ಲಿನ ವಿಷಯ. ನೀಲಗಂಗಾ ಆಡಿ ನಾಲಿಗೆ ಕಚ್ಚಿಕೊಂಡಳು. "ಎರಡಲ್ಲ, ಮೂರು," ಎಂದಳು ಸೀತಾಲಕ್ಷ್ಮಿ.

ಐದಕ್ಕೆ ಹತ್ತು ನಿಮಿಷ ಇರುವಾಗ ಅವಳು ಎದ್ದು ಸೀರೆ ಬದಲಾಯಿಸಿ ಬಂದು, ನೀಲಗಂಗಾಳ ಚೀಲ ತಾನೇ ಎತ್ತಿಕೊಂಡಳು. ಎಮ್ಮೆ ಕರೆಯುವ ಹೊತ್ತಾದರೂ ಬೈರಮ್ಮ ಚಪ್ಪಲಿ ಮೆಟ್ಟಿದಳು. ಮೀನಾಕ್ಷಮ್ಮ ಗೇಟಿನವರೆಗೆ ಬಂದರು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. "ಹೋಗಿಬನ್ನಿ," ಎಂದರು.

ಬಸ್ಸು ತುಂಬಿತ್ತು. ಹಿಂದಿನಿಂದ ಜನರನ್ನು ಸೀಳಿಕೊಂಡು ಕಂಡಕ್ಟರ್ ಬಂದ. ಸೀತಾಲಕ್ಷ್ಮಿಯ ಕೈ ಅಭ್ಯಾಸದಂತೆ ಚಿಲ್ಲರೆಗೆ ಹೋಯಿತು. ಬಾಯಿ ತೆರೆಯಲಿಲ್ಲ. ಅವನೇ ಕೇಳಲಿ ಎಂದು ನಿಂತಳು.

"ಎಲ್ಲಿಗಮ್ಮಾ?" ಎಂದ ಅವನು, ಟಿಕೆಟ್ ಪುಸ್ತಕದ ಮೇಲೆ ಹೆಬ್ಬೆರಳಿಟ್ಟು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೋಡಪ್ಪ ಇವನ್ನ!" ಎಂದಳು ಬೈರಮ್ಮ. "ಈಗ ಇಳಿದು ಮನೆಗೆ ಹೋಗಿ ನೀರು ಕುಡಿದು ಬರೋಣ್ವ?"

"ಏನಮ್ಮಾ? ಬೇಗ ಹೇಳ್ರಿ, ಸ್ಟಾಪ್ ಬರ್ತಾ ಇದೆ," ಎಂದ ಕಂಡಕ್ಟರ್. ದಿನಕ್ಕೆ ಸಾವಿರ ಜನರನ್ನು ಅವನು ಎಲ್ಲಿಗೆ ಎಂದು ಕೇಳುವವನು. ಕೇಳಿಸಿಕೊಂಡವರೆಲ್ಲ ಹೋಗಬೇಕಾದ ಕಡೆ ಹೋಗಿ, ಸಂಜೆಗೆ ಅವನದೇ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದರು. ಎಲ್ಲರೂ ಅಲ್ಲ.

ನೀಲಗಂಗಾ ಕತ್ತಿನಿಂದ ಸೆರಗು ಬಿಡಿಸಿದಳು. ಇದ್ದ ದನಿಯನ್ನೆಲ್ಲ ಕೂಡಿಸಿ, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು:

"ದೊಡ್ಡಾಸ್ಪತ್ರೆ. ಮೂರು ಕೊಡಪ್ಪ."